ಬಾದಾಮಿಯ ಕೋಟೆಗೆ ಯಾವ ಗಾರೆ?

ಬಾದಾಮಿಯ ಬಂಡೆಯೊಂದರ ಮೇಲೆ ಶಕವರ್ಷ 465ರ, ಎಂದರೆ ಕ್ರಿ. ಶ. 543ರ, ಶಾಸನವೊಂದಿದೆ. ಚಾಲುಕ್ಯ ವಲ್ಲಭೇಶ್ವರನು ವಾತಾಪಿಯ ಬೆಟ್ಟವನ್ನು ಮೇಲೂ ಕೆಳಗೂ ಶತ್ರುಗಳಿಗೆ ದುರ್ಗಮವಾದ ಕೋಟೆಯನ್ನಾಗಿ ಮಾಡಿದನೆಂದು ಅದು ಸಾರುತ್ತದೆ. ಈತನೇ ಒಂದನೆಯ ಪುಲಕೇಶಿ. 642ರಲ್ಲಿ ಪಲ್ಲವ ನರಸಿಂಹವರ್ಮನು ಆ ನಗರವನ್ನು ಗೆದ್ದನು. 1786ರಲ್ಲಿ ಮರಾಠರೂ ನಿಜಾಮನ ಸೈನ್ಯವೂ ಅದನ್ನು ಟಿಪ್ಪುವಿನಿಂದ ಕಸಿದುಕೊಂಡವು. 1818ರಲ್ಲಿ ಮನ್ರೋ ಹಿಡಿದನು. ಇಂದು ಕಾಣುವ ಬುರುಜು ಕೊತ್ತಲಗಳಲ್ಲಿ ಹೆಚ್ಚಿನವು ಚಾಲುಕ್ಯರ ಅನಂತರದವು. ಆದ್ದರಿಂದ 'ಪುಲಕೇಶಿಯ ಕೋಟೆಯನ್ನು ಮೊದಲಿನಂತೆಯೇ ಮಾಡಿರಿ' ಎನ್ನುವುದು ಸುಲಭವಾದರೂ ಅರ್ಥವಿಲ್ಲದ ಮಾತು. ಹಾಗೆ ಮಾಡಬೇಕಾದರೆ ಸಾವಿರ ವರ್ಷಗಳ ಚರಿತ್ರೆಯನ್ನು ಕೆಡವಬೇಕಾದೀತು. ಹೊಸದಾಗಿಸುವುದಕ್ಕಿಂತ ಇದ್ದುದನ್ನು ಉಳಿಸುವುದೇ ಮುಖ್ಯವೆಂಬುದು ಸರ್ ಜಾನ್ ಮಾರ್ಷಲ್ ಅವರ 1923ರ ಸಂರಕ್ಷಣಾ ಕೈಪಿಡಿಯ ನಿಲುವು.

ಉಳಿಸುವುದಾದರೂ ಹೇಗೆ? ಬಿರುಕಿಗೆ ಸಿಮೆಂಟು ಮೆತ್ತಿದರೆ ಸಾಲದೆ? ಸಾಲದು, ಅದರಿಂದ ಕೇಡೇ ಹೆಚ್ಚು.

ಬಾದಾಮಿಯದು ಮರಳುಗಲ್ಲು. ಮರಳಿನ ಕಣಗಳು ಒಂದಕ್ಕೊಂದು ಅಂಟಿ ಆದ ಈ ಕಲ್ಲಿನ ಒಳಗೆಲ್ಲ ಸೂಕ್ಷ್ಮ ರಂಧ್ರಗಳಿರುತ್ತವೆ. ಮಳೆಯ ನೀರು ಒಳಹೊಕ್ಕು, ಬಿಸಿಲಿಗೆ ಆವಿಯಾಗಿ ಹೊರಬರುತ್ತದೆ; ಗೋಡೆ ಹೀಗೆ ಉಸಿರಾಡುತ್ತದೆಯೆನ್ನಬಹುದು. ಸಂದುಗಳಲ್ಲಿ ಬಿಗಿಯಾದ ಸಿಮೆಂಟು ತುಂಬಿದರೆ ಆ ದಾರಿ ಮುಚ್ಚುತ್ತದೆ. ನೀರು ಕಲ್ಲಿನ ಮುಖದಿಂದಲೇ ಹೊರಡಬೇಕಾಗುತ್ತದೆ. ಹೊರಡುವಾಗ ತನ್ನಲ್ಲಿ ಕರಗಿದ್ದ ಲವಣಗಳನ್ನು, ಸಿಮೆಂಟಿನಿಂದ ಬಂದವನ್ನೂ ಸೇರಿಸಿ, ರಂಧ್ರಗಳಲ್ಲೇ ಬಿಟ್ಟುಹೋಗುತ್ತದೆ. ಅವು ಹರಳುಗಟ್ಟಿ ಬೆಳೆಯುತ್ತ ಕಣಗಳನ್ನು ಒತ್ತುತ್ತವೆ. ಕೆಲವು ವರ್ಷಗಳಲ್ಲಿ ಸಿಮೆಂಟು ಗಟ್ಟಿಯಾಗಿ ನಿಂತಿರುತ್ತದೆ, ಸುತ್ತಲಿನ ಕಲ್ಲು ಪದರು ಪದರಾಗಿ ಉದುರುತ್ತದೆ. ಸವೆದ ಇಳಕಲ್ ಸೀರೆಗೆ ಗೋಣಿಯ ತೇಪೆ ಹಾಕಿದರೆ ಹರಿಯುವುದು ತೇಪೆಯಲ್ಲ, ಸೀರೆ.

ಸುಣ್ಣದ ಗಾರೆಯ ಗುಣ ಬೇರೆ. ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಉಳಿದ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಮರಳು ಬೆರೆಸಿ ಮೆತ್ತಿದರೆ, ಅದು ಗಾಳಿಯಿಂದ ಅದೇ ಅನಿಲವನ್ನು ಮೆಲ್ಲಮೆಲ್ಲನೆ ಹೀರಿ ಮತ್ತೆ ಸುಣ್ಣಕಲ್ಲೇ ಆಗುತ್ತದೆ! ಇದು ಕಲ್ಲಿಗಿಂತ ಮೆದು, ನೀರಿನ ಆವಿಗೂ ದಾರಿ ಬಿಡುತ್ತದೆ. ಸವೆಯುವುದಾದರೆ ಗಾರೆಯೇ ಸವೆಯುತ್ತದೆ. ಅದನ್ನು ಮತ್ತೆ ತುಂಬಬಹುದು. ಕಲ್ಲನ್ನು ತುಂಬಲಾಗದು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ ಹಳೆಯ ಭಾಗಗಳಿಗಂತೂ ಗಾರೆಯೇ ಬೇಡ.

ಸಂದಿನಲ್ಲಿ ಬೇರೂರಿದ ಅರಳಿಯ ಸಸಿಯನ್ನು ಎಳೆದು ಕೀಳುವುದೂ ಅಪಾಯವೇ, ಬೇರಿನೊಡನೆ ಕಲ್ಲೂ ಬರುತ್ತದೆ. ಕಾಂಡವನ್ನು ಕತ್ತರಿಸಿ, ಬೇರನ್ನು ಸಾಯಿಸಿ, ಆಮೇಲೆ ಸಂದು ತುಂಬಬೇಕು.

ವಿದ್ಯಾರ್ಥಿಗಳು ಒಂದು ಪರೀಕ್ಷೆ ಮಾಡಬಹುದು. ದಾರಿಯಲ್ಲಿ ಸಿಕ್ಕ ಮರಳುಗಲ್ಲಿನ ಚೂರೊಂದನ್ನೂ (ಸ್ಮಾರಕದಿಂದ ಮಾತ್ರ ಕೀಳಬಾರದು!) ಇಳಕಲ್ಲಿನ ಕೆಂಪು ಗ್ರಾನೈಟಿನ ಚೂರೊಂದನ್ನೂ ಒಣಗಿಸಿ ತೂಗಿ, ಒಂದು ದಿನ ನೀರಿನಲ್ಲಿಟ್ಟು, ಮೇಲ್ಮೈಯನ್ನು ಒರೆಸಿ ಮತ್ತೆ ತೂಗಿರಿ. ಗ್ರಾನೈಟಿನ ತೂಕ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಮರಳುಗಲ್ಲು ಎಷ್ಟು ನೀರು ಕುಡಿದಿದೆಯೆಂಬುದನ್ನು ತಕ್ಕಡಿಯೇ ತೋರಿಸುತ್ತದೆ.