ಸ್ಕೂಲ್ ಮೇಷ್ಟ್ರ ಗಿರಣಿಯಲ್ಲಿ ಕಾಗದ

ಊರಿನಿಂದ ಅಪ್ಪ ಅಮ್ಮ ಬಂದರೆ ನಾವೆಲ್ಲ ತಪ್ಪದೆ ತೋರಿಸುವ ಜಾಗ ಜಾನ್ಸೆ ಸ್ಕಾನ್ಸ್. ಗಾಳಿ ಗಿರಣಿಗಳ ಮುಂದೆ ಫೋಟೋ, ಅಂಗಡಿಯಲ್ಲಿ ಒಂದಿಷ್ಟು ಚೀಸ್, ಅಲ್ಲಿಗೆ ಪ್ರವಾಸ ಮುಗಿಯಿತು. ಈ ಸಲ ಅಮ್ಮನನ್ನು ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ವೆಸ್ಟ್‌ಜಾನ್ ಹಳ್ಳಿಗೂ ಕರೆದುಕೊಂಡು ಹೋದೆ. ಅಲ್ಲಿನ ಗಿರಣಿಯ ಹೆಸರು 'ಡೆ ಸ್ಕೋಲ್‌ಮೇಸ್ಟರ್', ಅಂದರೆ ಸ್ಕೂಲ್ ಮೇಷ್ಟ್ರು! 1692ರಲ್ಲಿ ಕಟ್ಟಿದ್ದು. ಗಾಳಿಯ ಬಲದಿಂದ ಕಾಗದ ಮಾಡುವ ಗಿರಣಿ ಪ್ರಪಂಚದಲ್ಲಿ ಈಗ ಉಳಿದಿರುವುದು ಇದೊಂದೇ.

ಇಲ್ಲಿ ಕಾಗದಕ್ಕೆ ಬೇಕಾದ್ದು ಹಳೆಯ ಬಟ್ಟೆ. ಅದನ್ನು ಕೊಚ್ಚಿ, ನೀರು ಬೆರೆಸಿ, ಬ್ಲೇಡುಗಳಿರುವ ಉರುಳೆ ತಿರುಗುವ ತೊಟ್ಟಿಯಲ್ಲಿ ಅರೆಯುತ್ತಾರೆ. 17ನೇ ಶತಮಾನದಲ್ಲಿ ಡಚ್ಚರೇ ಕಂಡುಹಿಡಿದ ಈ ತೊಟ್ಟಿಗೆ 'ಹಾಲಂಡರ್' ಎಂದೇ ಹೆಸರು. "ನಮ್ಮ ಗ್ರೈಂಡರ್ ಇದ್ದ ಹಾಗೇ ಇದೆಯಲ್ಲೋ" ಎಂದರು ಅಮ್ಮ. ಹಸಿ ಹಾಳೆಗಳನ್ನು ಪಕ್ಕದ ಉದ್ದನೆಯ ಕೊಟ್ಟಿಗೆಯಲ್ಲಿ ಗಾಳಿಗೆ ಒಣಗಿಸುತ್ತಾರೆ.

ಗಿರಣಿಗೆ ಬಣ್ಣ ಬಳಿದು ನಿಲ್ಲಿಸುವುದು ಸುಲಭ. ಗಾಳಿ ನೋಡಿ ರೆಕ್ಕೆ ತಿರುಗಿಸುವವರು ಬೇಕಲ್ಲ! 2017ರಲ್ಲಿ ಯುನೆಸ್ಕೋ ತನ್ನ ಪಟ್ಟಿಗೆ ಸೇರಿಸಿದ್ದು ಡಚ್ಚರ ಗಿರಣಿ ನಡೆಸುವ ಕಸುಬನ್ನು, ಕಟ್ಟಡವನ್ನಲ್ಲ. ಕೊರಿಯಾದ 'ಹಂಜಿ' ಕಾಗದವೂ ಹೀಗೇ ಕೈಯ ಅಂದಾಜಿನ ಮೇಲೆ ನಿಂತಿದೆ. ಮರದ ತೊಗಟೆಯ ನಾರನ್ನು ಬೇಯಿಸಿ, ಜಜ್ಜಿ, ನೀರಿಗೆ ಹಾಕಿ, ಬೆಂಡೆಯ ಜಾತಿಯ ಗಿಡವೊಂದರ ಬೇರಿನ ಲೋಳೆ ಬೆರೆಸುತ್ತಾರೆ. ಅದರ ಹದ ಪುಸ್ತಕ ಓದಿ ಬರುವುದಲ್ಲ, ಪಕ್ಕದಲ್ಲಿ ನಿಂತು ಕಲಿಯಬೇಕು.

ವಾಪಸ್ ಬರುವಾಗ ಅಮ್ಮ ಹೇಳಿದರು: "ನಮ್ಮಜ್ಜನ ಮನೆ ಅಟ್ಟದ ಮೇಲೆ ಕಪ್ಪನೆಯ ಕಡತಗಳಿದ್ದವು. ಅವನ್ನು ಮಾಡಲು ಬರುವವರು ಯಾರೂ ಇರಲಿಲ್ಲ. ಮನೆ ಕೆಡವಿದಾಗ ಅವೂ ಹೋದವು ಕಣೋ."

ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಪದರ ಪದರವಾಗಿ ಮಡಿಸಿದರೆ ಕಡತ. ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದ ಹಳೆಯ ದಾಖಲೆಗಳು ಇಂಥ ಕಡತಗಳಲ್ಲೂ ಉಳಿದು ಬಂದಿವೆ. ಸರ್ಕಾರಿ ಕಚೇರಿಯ ಫೈಲಿಗೆ ಇವತ್ತಿಗೂ ಕಡತ ಅನ್ನುತ್ತೇವೆ. ಆದರೆ ಬಟ್ಟೆಯ ಕಡತ ಮಾಡುವುದನ್ನು ನಮ್ಮ ಮನೆಯಲ್ಲಿ ಯಾರೂ ಕಲಿಯಲಿಲ್ಲ. ನಾನೂ ಅಮ್ಮನನ್ನು ಆ ಬಗ್ಗೆ ಕೇಳಿದ್ದು ಇದೇ ಮೊದಲು.

ಸ್ಕೂಲ್ ಮೇಷ್ಟ್ರ ಗಿರಣಿಯ ಕಾಗದ ಮಾರಾಟಕ್ಕೂ ಇದೆ. ಕೊಳ್ಳುವವರಿದ್ದರೆ ತಾನೇ ಮಾಡುವವರು ಉಳಿಯುವುದು? ನಮ್ಮ ಕನ್ನಡ ಶಾಲೆಯ ಮಕ್ಕಳಿಗೆ ಕೊಡುವ ಪ್ರಮಾಣಪತ್ರಗಳನ್ನು ಈ ಸಲ ಆ ಕಾಗದದ ಮೇಲೆ ಬರೆಯಿಸಬಹುದು. ಇನ್ನೊಂದು ಮಾತು. ಹುಣಸೆ ಬೀಜ, ಇದ್ದಿಲು, ಹಳೆಯ ಬಟ್ಟೆ ಹೊಂದಿಸುವುದು ಇಲ್ಲೂ ಕಷ್ಟವಲ್ಲ. ಊರಿನಿಂದ ಬರುವವರು ನಾಲ್ಕು ಬಳಪ ತಂದರೆ ಸಾಕು. ಒಂದು ಭಾನುವಾರ ಮಕ್ಕಳ ಜೊತೆ ಕೂತು ಒಂದು ಕಡತ ಮಾಡಿ ನೋಡೋಣವೇ?