ಮಸಿಯ ಮಾಪನ: ಕಣ್ಣಿನಿಂದ ಸಂವೇದಕದವರೆಗೆ

ದೊಡ್ಡನೆಕ್ಕುಂದಿಯ ಕೈಗಾರಿಕಾ ಪ್ರದೇಶದಲ್ಲಿಯೂ ಸಮೀಪದ ಹೊರವರ್ತುಲ ರಸ್ತೆಯಲ್ಲಿಯೂ ಲಾರಿ ಬಸ್ಸುಗಳ ಸಂಚಾರ ನಿರಂತರವಾದುದು. ಕರಿಹೊಗೆ ಕಂಡರೆ ವಾಹನ ಕೆಟ್ಟಿದೆಯೆಂದೂ, ಕಾಣದಿದ್ದರೆ ನಿರಪಾಯವೆಂದೂ ದಾರಿಹೋಕರು ಭಾವಿಸುವುದು ಸಹಜ. ಈ ಎರಡನೆಯ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದು ವಿಚಾರಾರ್ಹವಾಗಿದೆ.

ಹೊಗೆಯನ್ನು ಅಳೆಯುವ ಮೊದಲ ಸಾಧನ ಮನುಷ್ಯನ ಕಣ್ಣೇ. ಕಳೆದ ಶತಮಾನಕ್ಕೂ ಹಿಂದಿನ 19ನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಮ್ಯಾಕ್ಸಿಮಿಲಿಯನ್ ರಿಂಗಲ್‌ಮನ್ನನು ಬಿಳಿಯ ಹಾಳೆಯ ಮೇಲೆ ಕರಿಗೆರೆಗಳ ಚೌಕುಳಿಯನ್ನೆಳೆದು, ಚಿಮಣಿಯ ಹೊಗೆಯನ್ನು ಅದರೊಡನೆ ಹೋಲಿಸುವ ಕ್ರಮವನ್ನು ರೂಪಿಸಿದನು. ತರುವಾಯ ಕಣ್ಣಿನ ಸ್ಥಾನಕ್ಕೆ ಬೆಳಕು ಬಂದಿತು. ಹೊಗೆ ತುಂಬಿದ ಕೊಳವೆಯಲ್ಲಿ ದೀಪದ ಕಿರಣವನ್ನು ಹಾಯಿಸಿ, ಎಷ್ಟು ಬೆಳಕು ತಡೆಯಲ್ಪಟ್ಟಿತೆಂದು ನೋಡುವುದೇ ಹಾರ್ಟ್ರಿಜ್ ಮಾಪಕದ ತತ್ತ್ವ. ನಮ್ಮ ಹೊಗೆ ತಪಾಸಣಾ ಕೇಂದ್ರಗಳಲ್ಲಿ ಡೀಸೆಲ್ ವಾಹನಗಳನ್ನು ಇಂದಿಗೂ ಈ ತತ್ತ್ವದ ಮೇಲೆಯೇ ಪರೀಕ್ಷಿಸುವರು. ಹಳೆಯ ವಾಹನಗಳಿಗೆ 65, ಭಾರತ್ ಸ್ಟೇಜ್ 4ರವಕ್ಕೆ 50 ಹಾರ್ಟ್ರಿಜ್ ಮಾನಗಳ ಮಿತಿಯುಂಟು.

2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಜಾರಿಗೆ ಬಂದಿತು. ಡೀಸೆಲ್ ಕಾರೊಂದು ಕಿಲೋಮೀಟರಿಗೆ ಹೊರಬಿಡಬಹುದಾದ ಕಣಗಳ ತೂಕದ ಮಿತಿ 25 ಮಿಲಿಗ್ರಾಮಿನಿಂದ 4.5ಕ್ಕೆ ಇಳಿಯಿತು. ಇದನ್ನು ಸಾಧಿಸಲು ಹೊಗೆಕೊಳವೆಯಲ್ಲಿ ಜೇನುಹುಟ್ಟಿನಂಥ ಶೋಧಕವನ್ನು ಇಡುತ್ತಾರೆ. ಅದರಲ್ಲಿ ಸಿಕ್ಕಿಕೊಂಡ ಮಸಿಯನ್ನು ಆಗಾಗ ಸುಟ್ಟು ತೆಗೆಯಬೇಕು. ಶೋಧಕದ ಹಿಂದುಮುಂದಿನ ಒತ್ತಡಗಳ ಅಂತರವನ್ನು ಅಳೆಯುವ ಸಂವೇದಕ, ಅದು ಕಟ್ಟಿಕೊಂಡಿದೆಯೇ ಎಂಬುದನ್ನು ತಿಳಿಸುತ್ತದೆ.

ಶೋಧಕವೇ ಬಿರುಕುಬಿಟ್ಟರೆ? ಅದನ್ನರಿಯಲು ಕೆಲವು ವಾಹನಗಳಲ್ಲಿ ಶೋಧಕದ ಆಚೆ ಮಸಿಸಂವೇದಕವಿರುತ್ತದೆ. ಪಿಂಗಾಣಿಯಂಥ ಫಲಕದ ಮೇಲೆ, ಬಾಚಣಿಗೆಯ ಹಲ್ಲುಗಳಂತೆ ಒಂದರೊಳಗೊಂದು ಸೇರಿಯೂ ಮುಟ್ಟದಿರುವ ಎರಡು ಲೋಹದ ಎಳೆಗಳಿವೆ. ತಪ್ಪಿಸಿಕೊಂಡ ಮಸಿ ಅವುಗಳ ನಡುವೆ ಕೂತು ಸೇತುವೆಯಾಗುತ್ತದೆ. ಮಸಿ ವಿದ್ಯುದ್ವಾಹಕವಾದುದರಿಂದ ಪ್ರವಾಹ ಹರಿಯುತ್ತದೆ. ಎಷ್ಟು ಬೇಗ ಹರಿಯಿತೋ ಮಸಿ ಅಷ್ಟು ಹೆಚ್ಚು. ಬಳಿಕ ಫಲಕವನ್ನು ಕಾಯಿಸಿ, ಮಸಿಯನ್ನು ಸುಟ್ಟು, ಅಳತೆಯನ್ನು ಹೊಸದಾಗಿ ಆರಂಭಿಸುತ್ತದೆ.

ಇದರ ಅಗತ್ಯ ಸ್ಪಷ್ಟವಾಗಿದೆ. ಡೀಸೆಲ್ ಕಣಗಳಲ್ಲಿ ಸಂಖ್ಯೆಯಿಂದ ಹೆಚ್ಚಿನವು ಮಿಲಿಮೀಟರಿನ ಹತ್ತುಸಾವಿರದ ಒಂದು ಭಾಗಕ್ಕಿಂತಲೂ ಚಿಕ್ಕವು. ಅವು ಬೆಳಕನ್ನು ತಡೆಯುವುದು ಅತ್ಯಲ್ಪ. ಆದ್ದರಿಂದ ಶೋಧಕ ಕೆಟ್ಟ ವಾಹನವೂ ಬೆಳಕಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಬಹುದು. ಡೀಸೆಲ್ ಹೊಗೆ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿ ನಿರ್ಣಯಿಸಿತು. ನೆದರ್ಲೆಂಡ್ಸ್, ಜರ್ಮನಿಗಳು 2023ರಿಂದ ವಾಹನ ತಪಾಸಣೆಯಲ್ಲಿ ಕಣಗಳನ್ನು ಎಣಿಸತೊಡಗಿದವು.

ಪ್ರತಿಯೊಂದು ಮಾಪನವೂ ತನ್ನ ಕಾಲದ ದೋಷವನ್ನು ಹಿಡಿಯಲು ಹುಟ್ಟಿದುದು. ವಾಹನದೊಳಗಿನ ಸಂವೇದಕ ಎಚ್ಚರಿಸುವುದು ಚಾಲಕನನ್ನು. ಉಸಿರಾಡುವವರು ರಸ್ತೆಯ ಬದಿಯವರು. ಅವರ ಪರವಾಗಿ ನೋಡಬೇಕಾದ ಸಾರ್ವಜನಿಕ ತಪಾಸಣೆಯೂ ಕಾಣದ ಮಸಿಯನ್ನು ಕಾಣುವಂತಾಗಬೇಕು.