ಶ್ವಾಸಕೋಶದ ಶಸ್ತ್ರಚಿಕಿತ್ಸೆ ಮತ್ತು ರಕ್ತ ತೆಳುವಾಗಿಸುವ ಮಾತ್ರೆ



ತೋಟದಲ್ಲಿ ಇಲಿಗಳಿಗೆ ನಾವಿಡುವ ಬ್ರೋಮಾಡಿಯೋಲೋನ್ ಬಿಲ್ಲೆಗೂ, ಹೃದಯದ ಕವಾಟ ಬದಲಾಯಿಸಿಕೊಂಡವರು ದಿನವೂ ನುಂಗುವ ವಾರ್ಫರಿನ್ ಮಾತ್ರೆಗೂ ವಂಶ ಒಂದೇ. 1920ರ ದಶಕದಲ್ಲಿ ಅಮೆರಿಕ, ಕೆನಡಾಗಳಲ್ಲಿ ಕೆಟ್ಟುಹೋದ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ರಕ್ತ ಹೆಪ್ಪುಗಟ್ಟದೆ ಸತ್ತವು. ಕಾರಣವಾದ ವಸ್ತುವನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಲಿಂಕ್ ಅವರ ತಂಡ ಬೇರ್ಪಡಿಸಿತು. ಅದರ ಬೆನ್ನಿಗೇ ತಯಾರಾದ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು, 1954ರಲ್ಲಿ ಮನುಷ್ಯರ ಔಷಧಿಯಾಯಿತು.

ನಮ್ಮ ಅಕ್ಕನನ್ನು ಕೊಟ್ಟದ್ದು ಲಕ್ಷ್ಮೇಶ್ವರಕ್ಕೆ. ಭಾವನವರಿಗೆ ಲೋಹದ ಕವಾಟ ಹಾಕಿ ವರ್ಷಗಳಾದವು. ಬಲ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆ ಕಂಡು ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಯಿತು. ಇನ್ನೂ ಹನ್ನೆರಡು ದಿನ ಇರುವಾಗಲೇ ಅವರು ಯಾರನ್ನೂ ಕೇಳದೆ ಮಾತ್ರೆ ನಿಲ್ಲಿಸಿದರು. ನಾಲ್ಕು ದಿನದ ಮೇಲೆ ನನಗೆ ತಿಳಿಯಿತು. "ಆಪರೇಶನ್ನಾಗ ರಕ್ತ ಭಾಳ ಹೋದರ ಹ್ಯಾಂಗಪಾ, ಅದಕ್ಕ ಗುಳಿಗಿ ಬಿಟ್ಟೇನಿ" ಎಂದರು. (ಬೀಡಿ ಬಿಡಲು ಮಾತ್ರ ಮೂವತ್ತು ವರ್ಷ ಹಿಡಿದಿತ್ತು!)

ಮರುದಿನವೇ ಹುಬ್ಬಳ್ಳಿಗೆ ಕರೆದೊಯ್ದೆವು. ವೈದ್ಯರು ರೇಗಲಿಲ್ಲ, ಆದರೆ ಅವರ ಮುಖ ಗಂಭೀರವಾಯಿತು. ಲೋಹದ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿದರೆ ಕವಾಟವೇ ಸಿಕ್ಕಿಕೊಳ್ಳಬಹುದು. ಹೆಪ್ಪಿನ ಚೂರು ಮಿದುಳಿಗೆ ಹೋದರೆ ಲಕ್ವ ಹೊಡೆಯಬಹುದು. ಮೇಲಾಗಿ ಕ್ಯಾನ್ಸರ್ ಇದ್ದಾಗ ರಕ್ತ ಹೆಪ್ಪುಗಟ್ಟುವ ಸ್ವಭಾವವೇ ಹೆಚ್ಚು. ದೇವರ ದಯೆ, ಪರೀಕ್ಷೆಯಲ್ಲಿ ಕವಾಟ ಚೆನ್ನಾಗಿತ್ತು. ದಿನಕ್ಕೆರಡು ಸಲ ಹೊಟ್ಟೆಯ ಚರ್ಮಕ್ಕೆ ಹೆಪಾರಿನ್ ಜಾತಿಯ ಚುಚ್ಚುಮದ್ದು ಆರಂಭಿಸಿದರು. ಮಾತ್ರೆಯ ಗುಣ ಇಳಿಯಲು ದಿನಗಳು ಬೇಕು. ಚುಚ್ಚುಮದ್ದಿನದು ಗಂಟೆಗಳಲ್ಲಿ ಇಳಿಯುತ್ತದೆ. ಆದ್ದರಿಂದ ಶಸ್ತ್ರಚಿಕಿತ್ಸೆಗೆ 24 ಗಂಟೆ ಮೊದಲು ಅದನ್ನೂ ನಿಲ್ಲಿಸಿದರು.

ಸಾಮಾನ್ಯವಾಗಿ ವಾರ್ಫರಿನ್ ನಿಲ್ಲಿಸುವುದು 5 ದಿನ ಮೊದಲು. ಹಿಂದಿನ ದಿನ ಐ.ಎನ್.ಆರ್. ಪರೀಕ್ಷೆ 1.5ಕ್ಕಿಂತ ಕಡಿಮೆ ಬರಬೇಕು. ಅಪಿಕ್ಸಬಾನ್, ರಿವರಾಕ್ಸಬಾನ್ ಮುಂತಾದ ಹೊಸ ಮಾತ್ರೆಗಳಿಗೆ ದೊಡ್ಡ ಶಸ್ತ್ರಚಿಕಿತ್ಸೆಯಾದರೆ 2 ದಿನ. ಮೂತ್ರಪಿಂಡ ದುರ್ಬಲವಿದ್ದರೆ ಇನ್ನೂ ಹೆಚ್ಚು. ಎಲ್ಲರಿಗೂ ಚುಚ್ಚುಮದ್ದು ಬೇಕಾಗುವುದಿಲ್ಲ. ಆಸ್ಪಿರಿನ್ನನ್ನು ಅನೇಕ ಸಲ ನಿಲ್ಲಿಸುವುದೇ ಇಲ್ಲ. ಇತ್ತೀಚೆಗೆ ಸ್ಟೆಂಟ್ ಹಾಕಿಸಿಕೊಂಡವರಂತೂ ಹೃದಯ ತಜ್ಞರನ್ನು ಕೇಳದೆ ಒಂದು ಗುಳಿಗೆಯನ್ನೂ ಬಿಡಬಾರದು. ದಿನ ಎಣಿಸುವ ಕೆಲಸ ವೈದ್ಯರದು, ನಮ್ಮದಲ್ಲ.

ಭಾವನವರ ಶ್ವಾಸಕೋಶದ ಒಂದು ಭಾಗ ತೆಗೆದರು. ರಕ್ತಸ್ರಾವ ಹತೋಟಿಗೆ ಬಂದ ಮೇಲೆ ಮಾತ್ರೆ, ಚುಚ್ಚುಮದ್ದು ಎರಡನ್ನೂ ಮತ್ತೆ ಕೊಟ್ಟರು. ಮಾತ್ರೆಯ ಗುಣ ಹಿಡಿಯಲು ಐದಾರು ದಿನ ಬೇಕಾದ್ದರಿಂದ ಅಲ್ಲಿಯವರೆಗೆ ಚುಚ್ಚುಮದ್ದು ಬಿಡಲಿಲ್ಲ. ಮನೆಗೆ ಕಳಿಸುವಾಗ ಹೇಳಿದ್ದಿಷ್ಟು: ಮೀನಖಂಡ ಊದಿದರೆ, ಏಕಾಏಕಿ ಉಸಿರು ಕಟ್ಟಿದರೆ, ಕಫದಲ್ಲಿ ರಕ್ತ ಕಂಡರೆ, ಮಲ ಕಪ್ಪಾದರೆ ತಡಮಾಡದೆ ಬನ್ನಿ, ಅಂಗಡಿಯ ನೋವಿನ ಗುಳಿಗೆ ಬೇಡ, ಸೊಪ್ಪು ತಿನ್ನಿ, ಆದರೆ ಒಂದು ವಾರ ರಾಶಿ, ಇನ್ನೊಂದು ವಾರ ಇಲ್ಲವೇ ಇಲ್ಲ ಎಂದಾಗಬಾರದು.

ಈಗ ಅವರು ಗದಗ-ಬೆಟಗೇರಿಗೆ ಬಸ್ಸಿನಲ್ಲಿ ಬಂದು ಐ.ಎನ್.ಆರ್. ನೋಡಿಸಿಕೊಂಡು ಹೋಗುತ್ತಾರೆ. ಶಿರಹಟ್ಟಿ, ಮುಂಡರಗಿ ಕಡೆಯ ಸದಸ್ಯರಲ್ಲಿ ಇಂಥ ಮಾತ್ರೆ ನುಂಗುವವರಿದ್ದರೆ ಮಾತ್ರೆಯ ಹೆಸರು, ಪ್ರಮಾಣ, ಕಾರಣ ಬರೆದ ಚೀಟಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಳ್ಳಿ. ಬರೆಯಲು ಬಾರದವರು ಔಷಧಿಯ ಪೊಟ್ಟಣ ಹಿಡಿದು ಸಂಘದ ಕಚೇರಿಗೆ ಬಂದರೆ ನಾನೇ ಬರೆದುಕೊಡುತ್ತೇನೆ.

— ಕಾರ್ಯದರ್ಶಿ